ಒಳಗಿನಿಂದ ತೆರೆಯದ ಬಾಗಿಲು

ಮನೆಯಲ್ಲಿ ಕೆಡುವ ವಸ್ತುಗಳಲ್ಲಿ ಎರಡು ಬಗೆಯುಂಟು. ಕೆಟ್ಟೊಡನೆ ಮನೆಮಂದಿಯನ್ನೆಲ್ಲ ಓಡಾಡಿಸುವ ವಸ್ತುಗಳು ಒಂದು ಬಗೆ. ಕೆಟ್ಟ ಮೇಲೂ ತಿಂಗಳುಗಟ್ಟಲೆ ಹೇಗೋ ಸಾಗಿಸಿಕೊಂಡು ಹೋಗಲು ಬರುವಂಥವು ಇನ್ನೊಂದು ಬಗೆ. ನೀರಿನ ನಲ್ಲಿ ಮುರಿದರೆ ಅಂದೇ ದುರಸ್ತಿಯಾಗುತ್ತದೆ. ಮೇಜಿನ ಕಾಲು ಅಲುಗಿದರೆ ಅದರಡಿ ಮಡಿಸಿದ ಕಾಗದವೊಂದನ್ನು ತುರುಕಿ ಸಂಸಾರ ಮುಂದುವರಿಯುತ್ತದೆ. ಕಾರಿನ ಬಾಗಿಲ ಕೀಲಿ ಈ ಎರಡನೆಯ ಬಗೆಗೆ ಸೇರಿದುದು. ನಾಲ್ಕು ಬಾಗಿಲುಗಳಲ್ಲಿ ಒಂದು ಕೆಟ್ಟರೆ ಇನ್ನೂ ಮೂರು ಉಳಿದಿರುತ್ತವಲ್ಲ! ಬಂಡಿ ಓಡುತ್ತದೆ, ಬ್ರೇಕು ಹಿಡಿಯುತ್ತದೆ, ದೀಪ ಉರಿಯುತ್ತದೆ. ಬಾಗಿಲೊಂದು ಹಟ ಮಾಡಿದರೆ ಯಾರು ಕೇಳಬೇಕು?

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಲ್ಲಿ ಒಂದು ಮನೆಯಿದೆಯೆಂದು ಭಾವಿಸಿಕೊಳ್ಳಿರಿ. ಮನೆಯ ಯಜಮಾನರು ಶಾಲೆಯ ನೌಕರಿಯಿಂದ ನಿವೃತ್ತರಾದ ಮಾಸ್ತರರು. ಅಂಗಳದ ಬೇವಿನ ಮರದಡಿ ಅವರ ಹಳೆಯ ಮಾರುತಿ ಕಾರು ನಿಂತಿರುತ್ತದೆ. ಹಿರೇಕೆರೂರಿನ ಕಚೇರಿಗೆ, ಹಂಸಭಾವಿಯ ಬೀಗರ ಮನೆಗೆ, ಅಪರೂಪಕ್ಕೊಮ್ಮೆ ಹಾವೇರಿಯ ದವಾಖಾನೆಗೆ ಅದರ ಪಯಣ. ಆ ಕಾರಿನ ಹಿಂದಿನ ಎಡಬಾಗಿಲು ಹೊರಗಿನಿಂದ ತೆರೆಯುತ್ತಿತ್ತು, ಒಳಗಿನಿಂದ ತೆರೆಯುತ್ತಿರಲಿಲ್ಲ. ಒಳಗಿನ ಹಿಡಿಕೆ ಎಳೆದರೆ ಅದು ಸತ್ತ ಹಲ್ಲಿಯ ಬಾಲದಂತೆ ಸುಮ್ಮನೆ ಕೈಯೊಡನೆ ಬರುತ್ತಿತ್ತು.

“ಹೊರಗಿಂದ ತೆರೀತೈತಲ್ಲ, ಸಾಕು ಬಿಡು,” ಎಂದು ಮಾಸ್ತರರು ಆರು ತಿಂಗಳು ದೂಡಿದರು. ಮುಂದೆ ಕುಳಿತವರು ಇಳಿದು ಹಿಂದಿನವರಿಗೆ ಬಾಗಿಲು ತೆರೆಯುವುದು ರೂಢಿಯಾಯಿತು. ಬೀಗರ ಮನೆಯ ಮುಂದೆ ಹೀಗೆ ಯಾರಾದರೂ ಓಡಿಬಂದು ಬಾಗಿಲು ತೆರೆದಾಗ ಮಾಸ್ತರರ ಪತ್ನಿಗೆ ಒಂದು ಬಗೆಯ ರಾಜಮರ್ಯಾದೆ ದೊರೆತಂತೆಯೂ ಆಗುತ್ತಿತ್ತು.

ಬೇಸಿಗೆಯ ಸೂಟಿಗೆ ಹುಬ್ಬಳ್ಳಿಯಿಂದ ಮಗಳು ಬಂದಳು. ಜೊತೆಗೆ ಐದು ವರುಷದ ಮೊಮ್ಮಗ. ಬಂದ ಮರುದಿನ ಸಂತೆಯಿಂದ ಮರಳಿದ ಕಾರನ್ನು ಮರದ ನೆರಳಿಗೆ ತರದೆ ಬಿಸಿಲಿನಲ್ಲಿಯೇ ನಿಲ್ಲಿಸಿ ಎಲ್ಲರೂ ಊಟಕ್ಕೆ ಒಳಗೆ ಹೋದರು. ಕಾರಿಗೆ ಕೀಲಿ ಹಾಕಿರಲಿಲ್ಲ. ಹಿಂದಿನ ಆಸನದ ಬಲಭಾಗದಲ್ಲಿ ಜೋಳದ ಚೀಲಗಳು ಇನ್ನೂ ಇದ್ದವು. ಹುಡುಗ ಮೆಲ್ಲನೆ ಹೊರಬಂದು ಎಡಬಾಗಿಲು ತೆರೆದು, ಒಳಗೆ ಕುಳಿತು, ದೊಡ್ಡವರು ಮಾಡುವಂತೆ ಅದನ್ನು ಎಳೆದು ಹಾಕಿಕೊಂಡ. ಬಲಕ್ಕೆ ಚೀಲಗಳು, ಎಡಕ್ಕೆ ಸತ್ತ ಹಿಡಿಕೆ. ಮುಂದಿನ ಆಸನಕ್ಕೆ ದಾಟಿ ಅಲ್ಲಿಯ ಬಾಗಿಲು ತೆರೆಯಬೇಕೆಂಬ ವಿವೇಕ ಹೆದರಿದ ಕೂಸಿಗೆ ಎಲ್ಲಿಂದ ಬರಬೇಕು? ಗಾಜು ಏರಿಸಿದ ಕಾರಿನೊಳಗಿನ ಕೂಗು ಅಡಿಗೆಮನೆಗೆ ಕೇಳಿಸುವುದಿಲ್ಲ. ಮಜ್ಜಿಗೆ ಬಡಿಸಲು ಮೊಮ್ಮಗನನ್ನು ಹುಡುಕುತ್ತ ಅಜ್ಜಿ ಅಂಗಳಕ್ಕೆ ಬಂದದ್ದು ಪುಣ್ಯ. ಬಾಗಿಲು ತೆರೆದಾಗ ಹುಡುಗನ ಅಂಗಿ ಬೆವರಿನಿಂದ ತೊಯ್ದು ಮೈಗಂಟಿತ್ತು, ಮುಖ ಕೆಂಡದಂತಾಗಿತ್ತು. ಒಳಗಿದ್ದುದು ಕೆಲವೇ ನಿಮಿಷ.

ಅಜ್ಜಿ ಯಾರನ್ನೂ ಬಯ್ಯಲಿಲ್ಲ. ಹುಡುಗನಿಗೆ ನೀರು ಕುಡಿಸಿ, ಸೆರಗಿನಿಂದ ಮುಖ ಒರೆಸಿ, ಯಜಮಾನರ ಕಡೆಗೆ ತಿರುಗಿ ಒಂದೇ ಮಾತು ಹೇಳಿದರು: “ನೀವು ಏನಾರ ಅನ್ರಿ. ಈ ಕದಾ ರಿಪೇರಿ ಆಗೂತನಕ ನನ್ನ ಮೊಮ್ಮಗ ಈ ಕಾರಿನ್ಯಾಗ ಕುಂದ್ರಂಗಿಲ್ಲ.”

ಆ ಮಾತು ಹೆಂಗಸಿನ ಅಂಜಿಕೆಯೆಂದು ತಳ್ಳಿಹಾಕುವಂಥದಲ್ಲ. ಗಾಜು ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರು ಒಲೆಯಂತೆ ಕಾಯುತ್ತದೆ. ಬಿಸಿಲು ಗಾಜಿನ ಮೂಲಕ ಒಳಹೊಕ್ಕು ಆಸನಗಳನ್ನು ಕಾಯಿಸುತ್ತದೆ; ಕಾದ ಗಾಳಿಗೆ ಹೊರಹೋಗಲು ದಾರಿಯಿರುವುದಿಲ್ಲ. ಮೊದಲಿನ 10 ನಿಮಿಷಗಳಲ್ಲಿಯೇ ಒಳಗಿನ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುವುದುಂಟು. ಅರ್ಧ ಗಂಟೆಯಲ್ಲಿ ಆ ಏರಿಕೆ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಗಾಜನ್ನು ಒಂದೆರಡು ಬೆರಳು ಇಳಿಸಿಟ್ಟರೂ ಹೆಚ್ಚಿನ ಪ್ರಯೋಜನವಿಲ್ಲ. ಚಿಕ್ಕ ಮಕ್ಕಳ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆಂದು ವೈದ್ಯರು ಹೇಳುತ್ತಾರೆ. 2025ರ ಮೇ ತಿಂಗಳಲ್ಲಿ ಆಂಧ್ರಪ್ರದೇಶದ ವಿಜಯನಗರದ ಬಳಿಯ ದ್ವಾರಪುಡಿಯಲ್ಲಿ ಆಟವಾಡುತ್ತ ನಿಂತ ಕಾರನ್ನು ಹೊಕ್ಕ ನಾಲ್ವರು ಮಕ್ಕಳು ಹೊರಬರಲಾರದೆ ಅಸುನೀಗಿದರು. ಮಕ್ಕಳಿಗೆ ಕಾರೆಂದರೆ ಆಟದ ಮನೆ. ಆ ಮನೆಯ ಬಾಗಿಲು ಒಳಗಿನಿಂದ ತೆರೆಯದೆ ಹೋದರೆ ಅದು ಮನೆಯಲ್ಲ, ಬೋನು.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಆ ಕಡೆಯ ಹಳೆಯ ಮನೆಗಳ ತೊಲಬಾಗಿಲನ್ನು ನೋಡಿದವರಿಗೆ ಗೊತ್ತು: ಹೊರಗೆ ಚಿಲಕ, ಕೊಂಡಿ, ಅದಕ್ಕೊಂದು ಕೀಲಿ, ಒಳಗೆ ಗೋಡೆಯಿಂದ ಗೋಡೆಗೆ ಮರದ ಅಗಳಿ. ಹೊರಗಿನ ಕೀಲಿಗೆ ಕೀಲಿಕೈ ಬೇಕು. ಒಳಗಿನ ಅಗಳಿಗೆ ಕೈ ಸಾಕು. ಕಳ್ಳನಿಗೆ ಕಠಿಣ, ಮನೆಯವರಿಗೆ ಸುಲಭ—ಬಾಗಿಲಿನ ಧರ್ಮ ಇದೇ. ‘ಕೀಲ’ವೆಂದರೆ ಬೆಣೆ, ಗೂಟ. ಅದರಿಂದ ಬಂದ ಕೀಲಿ ಧಾರವಾಡದ ಕಡೆಯವರಿಗೆ ಬೀಗವಾಯಿತು. ಮೈಸೂರಿನ ಕಡೆಯವರು ‘ಬೀಗ’ವೆಂದರು. ಹೆಸರು ಯಾವುದಾದರೇನು? ಮುಚ್ಚುವುದು ಅದರ ಅರ್ಧ ಕೆಲಸ. ಬೇಕಾದಾಗ ತೆರೆಯುವುದು ಉಳಿದರ್ಧ.

ಇರಲಿ. ಮಾಸ್ತರರು ಮೊದಲು ಯೋಚಿಸಿದ್ದು ಇಡೀ ಕೀಲಿಯನ್ನೇ ಬದಲಿಸುವುದನ್ನು. ಆ ಕಾರಿನ ಬಿಡಿಭಾಗಗಳನ್ನು ಹುಡುಕಬೇಕಾದರೆ ರಾಣೇಬೆನ್ನೂರಿಗೋ ಹುಬ್ಬಳ್ಳಿಗೋ ಹೋಗಬೇಕು. 1983ರ ಡಿಸೆಂಬರದಲ್ಲಿ ಮೊದಲು ಬೀದಿಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಅದೇ ವರುಷ ಅಂಬಾಸಡರ್ ಕಾರಿನದೂ ನಿಂತಿತು. ಆದರೆ ಈ ಹಳೆಯ ಬಂಡಿಗಳಲ್ಲಿ ಒಂದು ಗುಣವಿದೆ: ಅವುಗಳ ಬಾಗಿಲಿನೊಳಗೆ ಗುಟ್ಟು ಕಡಿಮೆ. ವಿದ್ಯುತ್ತಿನ ಮಾಯೆಯಿಲ್ಲ, ಸರಳು, ಸ್ಪ್ರಿಂಗು, ಕ್ಲಿಪ್ಪು ಇಷ್ಟೇ. ತಾಳ್ಮೆಯಿರುವ ಯಾವ ಗೃಹಸ್ಥನೂ ಒಂದು ಮುಂಜಾನೆಯಲ್ಲಿ ಅದನ್ನು ಬಿಚ್ಚಿ ನೋಡಬಹುದು. ನೆರೆಮನೆಯಲ್ಲಿ ನೀರಿನ ಮೋಟಾರು ದುರಸ್ತಿ ಮಾಡುವ ಹುಡುಗನೊಬ್ಬನಿದ್ದ. “ಇಡೀ ಕೀಲಿ ಯಾಕ್ರಿ ಮಾಸ್ತರ? ಮೊದಲ ಒಳಗ ಏನಾಗೇತಿ ನೋಡೂಣು,” ಎಂದು ಅವನೇ ಮುಂದಾದ.

ಅವನ ಮಾತಿನಲ್ಲಿ ಒಂದು ತತ್ವವೇ ಇತ್ತು. ಬಾಗಿಲ ಕೀಲಿ ಒಂದು ವಸ್ತುವಲ್ಲ, ಒಂದು ಸರಪಳಿ. ಬಾಗಿಲಿನ ಅಂಚಿನಲ್ಲಿ ಕವಲೊಡೆದ ಉಕ್ಕಿನ ತುಂಡೊಂದಿದೆ. ಬಾಗಿಲು ಹಾಕಿದಾಗ ಕಾರಿನ ಕಂಬದ ಮೇಲಿರುವ ಕೊಂಡಿ ಆ ಕವಲಿನೊಳಗೆ ನುಗ್ಗುತ್ತದೆ. ಕವಲು ತಿರುಗಿ ಕೊಂಡಿಯನ್ನು ಕಚ್ಚುತ್ತದೆ. ಅದು ಹಿಂದಿರುಗದಂತೆ ತಡೆಹಲ್ಲೊಂದು ಬಂದು ಕೂಡುತ್ತದೆ. ಕಚ್ಚುವಲ್ಲಿ ಎರಡು ಹಂತಗಳುಂಟು. ಮೊದಲನೆಯ ಹಂತದಲ್ಲಿಯೇ ನಿಂತ ಬಾಗಿಲು ಮುಚ್ಚಿದಂತೆ ಕಂಡರೂ ಕಟಕಟನೆ ಅಲುಗುತ್ತದೆ. ಹೊರಗಿನ ಹಿಡಿಕೆಯಿಂದ ಒಂದು ಸರಳು, ಒಳಗಿನ ಹಿಡಿಕೆಯಿಂದ ಇನ್ನೊಂದು, ಗಾಜಿನ ಬಳಿಯ ಗುಬ್ಬಿಯಿಂದ ಮತ್ತೊಂದು—ಎಲ್ಲವೂ ಈ ಚಿಲಕಕ್ಕೆ ಬಂದು ಸೇರುತ್ತವೆ. ಸರಳುಗಳನ್ನು ಹಿಡಿದಿಡುವುದು ಬೆರಳುಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಕ್ಲಿಪ್ಪುಗಳು. ಉಕ್ಕು ಸವೆಯುವ ಮೊದಲು ಈ ಕ್ಲಿಪ್ಪುಗಳು ಬಿಸಿಲಿಗೆ ಒಣಗಿ ಸೀಳುತ್ತವೆ.

ಆದುದರಿಂದ ಬಿಚ್ಚುವುದಕ್ಕಿಂತ ಮೊದಲು ಲಕ್ಷಣ ನೋಡಬೇಕು. ವೈದ್ಯರು ಮೊದಲು ನಾಡಿ ಹಿಡಿಯುವುದಿಲ್ಲವೇ, ಹಾಗೆ. ಹೊರಗಿನ ಹಿಡಿಕೆ ಸಡಿಲವಾಗಿದ್ದು ಒಳಗಿನಿಂದ ಬಾಗಿಲು ತೆರೆಯುತ್ತಿದ್ದರೆ ಹೊರಗಿನ ಸರಳು ಕಳಚಿದೆ, ಇಲ್ಲವೆ ಹಿಡಿಕೆಯೇ ಮುರಿದಿದೆ. ಬಾಗಿಲು ಕೂಡದೆ ಪುಟಿದು ಹಿಂದೆ ಬರುತ್ತಿದ್ದರೆ ಕವಲು ಮುಂಚೆಯೇ ಮುಚ್ಚಿಕೊಂಡಿರಬಹುದು. ಹೊರಹಿಡಿಕೆಯನ್ನು ಎತ್ತಿಹಿಡಿದು ಸ್ಕ್ರೂ ಡ್ರೈವರಿನ ತುದಿಯಿಂದ ಕವಲನ್ನು ಬಿಡಿಸಿದರೆ ಅದು ಮತ್ತೆ ಬಾಯಿ ತೆರೆಯುತ್ತದೆ. ಕೀಲಿಕೈ ತಿರುಗಿದರೂ ಏನೂ ಆಗದಿದ್ದರೆ ಕೀಲಿಯ ಹಿಂಬದಿಯ ಸರಳು ಬಿದ್ದಿದೆ. ಒಳಗಿನಿಂದ ಮಾತ್ರ ತೆರೆಯದಿದ್ದರೆ? ಹಿಂದಿನ ಬಾಗಿಲಾದ ಪಕ್ಷಕ್ಕೆ, ಬಿಚ್ಚುವ ಮೊದಲು ಬಾಗಿಲಿನ ಅಂಚನ್ನು ನೋಡಬೇಕು. ಬಹುಪಾಲು ಕಾರುಗಳಲ್ಲಿ ಅಲ್ಲಿ ‘ಮಕ್ಕಳ ಕೀಲಿ’ ಎಂಬ ಚಿಕ್ಕ ಸನ್ನೆಯಿರುತ್ತದೆ. ಓಡುವ ಕಾರಿನಲ್ಲಿ ಮಕ್ಕಳು ಬಾಗಿಲು ತೆರೆಯದಿರಲೆಂದು ಅದನ್ನು ಇರಿಸಿದ್ದಾರೆ. ಅದು ಅಕಸ್ಮಾತ್ ಸರಿದಿದ್ದರೆ ಒಳಹಿಡಿಕೆ ನಿಶ್ಚೇಷ್ಟಿತವಾಗುತ್ತದೆ. ಬೆರಳಿನಿಂದ ಸರಿಸಿದರೆ ರೋಗ ವಾಸಿ!

ಈ ಸನ್ನೆಯೂ ಎರಡಲಗಿನ ಕತ್ತಿಯೇ. ಬಾಡಿಗೆಯ ಕಾರುಗಳಲ್ಲಿ ಒಂಟಿ ಹೆಂಗಸರನ್ನು ಕೂಡಿಹಾಕಲು ದುರುಳರು ಅದನ್ನು ಬಳಸಿಕೊಂಡರು. ಅಂಥ ಕಾರುಗಳಲ್ಲಿ ಅದು ಇರಕೂಡದೆಂದು ಕೇಂದ್ರ ಸರಕಾರ 2019ರ ಜುಲೈ 1ರಿಂದ ನಿಯಮ ಮಾಡಬೇಕಾಯಿತು. ಒಳಗಿದ್ದವರಿಗೆ ತೆರೆಯಲು ಬಾರದ ಬಾಗಿಲಿನ ಅಪಾಯವನ್ನು ಕಾಯಿದೆಯೂ ಹೀಗೆ ಒಪ್ಪಿಕೊಂಡಿದೆ.

ಮಾಸ್ತರರ ಕಾರಿನಲ್ಲಿ ಆ ದೋಷವಿರಲಿಲ್ಲ. ಹಾಗಾದರೆ ಒಳಹಲಗೆಯನ್ನು ಬಿಚ್ಚಲೇಬೇಕು. ಬೇಕಾದ ಹತಾರುಗಳು ಹೆಚ್ಚೇನಿಲ್ಲ: ಸ್ಕ್ರೂ ಡ್ರೈವರು ಎರಡು, ಇಕ್ಕಳ, ಬ್ಯಾಟರಿ ದೀಪ, ಹಳೆಯ ಧೋತರದ ತುಂಡು, ತಿರುಪುಮೊಳೆಗಳನ್ನು ಹಾಕಿಡಲು ಒಂದು ವಾಟಿ. ಮೊದಲು ಗಾಜನ್ನು ಪೂರ್ತಿ ಏರಿಸಬೇಕು. ಗಾಜು ಏರಿಸುವ ಹಿಡಿಕೆಯ ಹಿಂದೆ ಕುದುರೆ ಲಾಳದಂಥ ಸ್ಪ್ರಿಂಗು ಅಡಗಿರುತ್ತದೆ, ಕಣ್ಣಿಗೆ ಕಾಣದು. ಹಿಡಿಕೆಯ ಹಿಂದೆ ಬಟ್ಟೆಯ ಪಟ್ಟಿಯನ್ನು ತೂರಿಸಿ, ಬೂಟಿಗೆ ಪಾಲಿಶು ಹಚ್ಚುವವರಂತೆ ಎರಡು ತುದಿ ಹಿಡಿದು ಅತ್ತಿತ್ತ ಎಳೆದರೆ ಅದು ಟಣ್ಣನೆ ಹಾರಿ ಬೀಳುತ್ತದೆ. ಎಲ್ಲಿ ಬಿತ್ತೆಂದು ನೋಡಿಕೊಳ್ಳಬೇಕು. ಇಲ್ಲವಾದರೆ ಮಿಕ್ಕ ಮುಂಜಾನೆ ಅದನ್ನು ಹುಡುಕುವುದರಲ್ಲಿಯೇ ಕಳೆಯುತ್ತದೆ. ಆಮೇಲೆ ಕೈಯಾಸರೆಯ ಮೊಳೆಗಳು, ಒಳಹಿಡಿಕೆಯ ಸುತ್ತಿನ ಚೌಕಟ್ಟು. ಕಡೆಗೆ ಹಲಗೆಯ ಅಂಚಿನ ಗುಬ್ಬಿಗಳು. ಸ್ಕ್ರೂ ಡ್ರೈವರಿಗೆ ಬಟ್ಟೆ ಸುತ್ತಿ, ಪ್ರತಿ ಗುಬ್ಬಿಯ ಪಕ್ಕದಲ್ಲಿಯೇ ಮೆಲ್ಲನೆ ಎಬ್ಬಬೇಕು. ನಡುವೆ ಎಳೆದರೆ ಹಲಗೆ ಸೀಳುತ್ತದೆ.

ಹಲಗೆಯ ಹಿಂದೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಹಲವರು ಅದನ್ನು ಕಸವೆಂದು ಹರಿದು ಬಿಸಾಡುತ್ತಾರೆ. ಮಳೆಗಾಲದಲ್ಲಿ ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿಯುವ ನೀರು ಕಾರಿನೊಳಗೆ ಬಾರದಂತೆ ತಡೆಯುವುದು ಅದೇ. ಆ ನೀರು ಹೊರಹೋಗಲು ಬಾಗಿಲಿನ ಕೆಳಅಂಚಿನಲ್ಲಿ ಚಿಕ್ಕ ತೂತುಗಳಿರುತ್ತವೆ. ಹೊಲದ ದಾರಿಗಳಲ್ಲಿ, ಸುಗ್ಗಿಯ ದಿನಗಳಲ್ಲಿ ಓಡಾಡಿದ ಕಾರುಗಳಲ್ಲಿ ಧೂಳು ಕುಳಿತು ಅವು ಮುಚ್ಚಿಹೋಗುತ್ತವೆ, ನೀರು ನಿಲ್ಲುತ್ತದೆ, ಬಾಗಿಲು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹುಡುಗ ತಂತಿಯ ತುಂಡಿನಿಂದ ತೂತುಗಳನ್ನು ಚುಚ್ಚಿದಾಗ ಹಿಡಿಯಷ್ಟು ಕೆಂಪು ಮಣ್ಣು ಉದುರಿತು. “ಇದರಾಗ ಜ್ವಾಳಾ ಬಿತ್ತಬಹುದಿತ್ತಲ್ರೀ,” ಎಂದು ಅವನು ನಕ್ಕ.

ಬ್ಯಾಟರಿ ಹಿಡಿದು ಒಳಗಿಣುಕುತ್ತ ಹುಡುಗ ಮಾಸ್ತರರಿಗೆ ಹಿಡಿಕೆ ಎಳೆಯಲು ಹೇಳಿದ. ಸರಳು ಅಲುಗಲಿಲ್ಲ. ಅದರ ತುದಿ ಚಿಲಕದ ಸನ್ನೆಯಿಂದ ಕಳಚಿ ಕೆಳಗೆ ಜೋತುಬಿದ್ದಿತ್ತು. ಅದನ್ನು ಹಿಡಿದಿದ್ದ ಕ್ಲಿಪ್ಪು ಎರಡು ಹೋಳಾಗಿ ಬಾಗಿಲಿನ ತಳದಲ್ಲಿ ಮಣ್ಣಿನೊಡನೆ ಬಿದ್ದಿತ್ತು. ಆರು ತಿಂಗಳ ತೊಂದರೆ, ಅಂದಿನ ಮಧ್ಯಾಹ್ನದ ಗಂಡಾಂತರ, ಹುಬ್ಬಳ್ಳಿಯ ಪಯಣದ ಯೋಜನೆ—ಎಲ್ಲದಕ್ಕೂ ಕಾರಣ ಉಗುರಿನಷ್ಟು ಪ್ಲಾಸ್ಟಿಕ್! ಸರಳು ನೆಟ್ಟಗಿತ್ತು, ಚಿಲಕ ಗಟ್ಟಿಯಾಗಿತ್ತು. ಹಿರೇಕೆರೂರಿನಿಂದ ಒಂದು ಹೊಸ ಕ್ಲಿಪ್ಪು ತರಿಸಿದ್ದಾಯಿತು. ತಂತಿಯಿಂದ ಬಿಗಿದು ಕೆಲಸ ಸಾಗಿಸೋಣವೆಂದು ಮಾಸ್ತರರು ಹೇಳಿದರೂ ಹುಡುಗ ಒಪ್ಪಲಿಲ್ಲ. ಬಿಗಿದ ತಂತಿ ಸರಳಿನ ಚಲನೆಯನ್ನು ತಡೆಯುತ್ತದೆ. ಅಲ್ಲದೆ ಎಂದು ಕಳಚೀತೆಂಬುದಕ್ಕೆ ಭರವಸೆಯಿಲ್ಲ.

ಬಿಚ್ಚಿದ ಮೇಲೆ ಚಿಲಕದ ಆರೈಕೆಯೂ ಆಗಲಿ ಎಂದರು. ಹಳೆಯ ಜಿಡ್ಡು ಧೂಳಿನೊಡನೆ ಸೇರಿ ಕರಿಯ ಮೇಣವಾಗಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಹೊಸ ಗ್ರೀಸನ್ನು ತೆಳುವಾಗಿ ಸವರಿದರು. ಆದರೆ ಮುಂದಿನ ಬಾಗಿಲಿನ ಕೀಲಿಕೈ ತೂರುವ ಕಿಂಡಿಗೂ ಎಣ್ಣೆ ಬಿಡಲು ಮಾಸ್ತರರು ಮುಂದಾದಾಗ ಹುಡುಗ ತಡೆದ. ಆ ಕಿಂಡಿಯೊಳಗೆ ಸ್ಪ್ರಿಂಗಿನ ಮೇಲೆ ಕುಳಿತ ತೆಳು ತಗಡುಗಳಿರುತ್ತವೆ. ತಕ್ಕ ಕೀಲಿಕೈ ಹೊಕ್ಕಾಗ ಅದರ ಹಲ್ಲುಗಳು ಒಂದೊಂದು ತಗಡನ್ನೂ ಸರಿಯಾದ ಎತ್ತರಕ್ಕೆ ತರುತ್ತವೆ. ಆಗಲೇ ಅದು ತಿರುಗುವುದು. ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲಿಯೂ ಇದೇ ಬಗೆಯ ಉಪಾಯವಿತ್ತು. ಅಮೆರಿಕದ ಲೈನಸ್ ಯೇಲ್ 1861ರಲ್ಲಿ ಹಕ್ಕುಪತ್ರ ಪಡೆದ ಬೀಗವೂ ಅದೇ ವಂಶದ್ದು. ಅಷ್ಟು ಸೂಕ್ಷ್ಮವಾದ ಎಡೆಗೆ ಎಣ್ಣೆ ಬಿಟ್ಟರೆ ಅದು ಧೂಳನ್ನು ಹಿಡಿದು ಕೆಸರಾಗುತ್ತದೆ. ಅಲ್ಲಿಗೆ ಸಲ್ಲುವುದು ಗ್ರಾಫೈಟ್ ಪುಡಿ. ಕೀಲಿಕೈಗೆ ಸವರಿ ನಾಲ್ಕು ಸಲ ಒಳಗೆ ಹೊರಗೆ ಆಡಿಸಿದರೆ ಸಾಕು.

ಕ್ಲಿಪ್ಪು ಕೂಡಿಸಿಯಾಯಿತು. ಉತ್ಸಾಹದಿಂದ ಮಾಸ್ತರರು ಬಾಗಿಲನ್ನು ಹಾಕಲು ಕೈ ಚಾಚಿದರು.

“ಮಾಸ್ತರ, ಕದಾ ಹಾಕಬ್ಯಾಡ್ರಿ!” ಎಂದು ಹುಡುಗ ಕೂಗಿದ. “ತೆರದಿದ್ದಾಗ ಪರೀಕ್ಷಾ ಮಾಡೂಣು. ಹಾಕಿದ ಮ್ಯಾಲ ತೆರೀಲಿಲ್ಲಂದ್ರ ಏನ ಮಾಡ್ತೀರಿ?”

ಇಡೀ ಕೆಲಸದಲ್ಲಿ ನೆನಪಿಡಬೇಕಾದ ಮಾತು ಇದೊಂದೇ. ಕೆಟ್ಟ ಕೀಲಿಯಿಂದ ಮುಚ್ಚಿಹೋದ ಬಾಗಿಲಿನ ಒಳಹಲಗೆಯನ್ನು ಬಿಚ್ಚುವುದು ಕುಶಲಕರ್ಮಿಗೂ ಕಷ್ಟ. ಬಾಗಿಲು ತೆರೆದೇ ಇರುವಾಗ ಸ್ಕ್ರೂ ಡ್ರೈವರಿನ ತುದಿಯನ್ನು ಕವಲಿನೊಳಗೆ ಒತ್ತಿ, ಕೊಂಡಿ ಬಂದಂತೆ ನಟಿಸಬೇಕು. ಕವಲು ಎರಡು ಸಲ ಟಕ್ ಟಕ್ ಎಂದು ಮುಚ್ಚುತ್ತದೆ. ಆಗ ಒಳಹಿಡಿಕೆ ಎಳೆದು ನೋಡಬೇಕು. ಕವಲು ಬಾಯಿ ತೆರೆಯಬೇಕು. ಮತ್ತೆ ಮುಚ್ಚಿಸಿ ಹೊರಹಿಡಿಕೆ. ಮತ್ತೆ ಮುಚ್ಚಿಸಿ ಗುಬ್ಬಿಯನ್ನು ಒತ್ತಿ, ಎತ್ತಿ ನೋಡುವುದು. ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾದ ಮೇಲೆಯೇ ಬಾಗಿಲು ಹಾಕತಕ್ಕದ್ದು. ಮೂವತ್ತು ವರುಷ ಪರೀಕ್ಷೆ ನಡೆಸಿದ ಮಾಸ್ತರರು ಇಲ್ಲಿ ಮೋಟಾರಿನ ಹುಡುಗನ ಮುಂದೆ ವಿದ್ಯಾರ್ಥಿಯಾದರು.

ಬಾಗಿಲು ಈಗಾಗಲೇ ಮುಚ್ಚಿ ಕಚ್ಚಿಕೊಂಡಿದ್ದರೆ ಒಂದು ಉಪಾಯವುಂಟು. ಹೊರಗಿನಿಂದ ಒಬ್ಬರು ಬಾಗಿಲನ್ನು ಬಲವಾಗಿ ಒಳಕ್ಕೆ ಒತ್ತಬೇಕು. ಅದೇ ಹೊತ್ತಿಗೆ ಇನ್ನೊಬ್ಬರು ಹಿಡಿಕೆ ಎಳೆಯಬೇಕು. ಅಂಚಿನ ರಬ್ಬರಿನ ಒತ್ತಡ ತಗ್ಗಿ, ಕೊಂಡಿಯನ್ನು ಹಿಡಿದ ಹಲ್ಲು ಕೆಲವೊಮ್ಮೆ ಸಡಿಲುತ್ತದೆ. ಕಂಬದ ಮೇಲಿನ ಕೊಂಡಿಯನ್ನು ಸರಿಸಬೇಕಾಗಿ ಬಂದರೆ ಮೊದಲು ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿಟ್ಟುಕೊಳ್ಳುವುದು ಜಾಣತನ. ಹಳೆಯ ಸ್ಥಾನ ಮರೆಯುವುದಿಲ್ಲ.

ಎಲ್ಲ ಕಾರುಗಳಿಗೂ ಈ ಮನೆಮದ್ದು ಸಲ್ಲದು. ಹೊಸ ಬಂಡಿಗಳ ಬಾಗಿಲಿನಲ್ಲಿ ವಿದ್ಯುತ್ ತಂತಿಗಳ ಜಾಲವಿರುತ್ತದೆ. ಕೆಲವುಗಳಲ್ಲಿ ಅಪಘಾತವಾದಾಗ ಉಬ್ಬುವ ಗಾಳಿಚೀಲಕ್ಕೆ ಸುದ್ದಿ ಮುಟ್ಟಿಸುವ ಸಾಧನವೂ ಅಲ್ಲಿಯೇ ಇರುತ್ತದೆ. ಅವುಗಳ ಗೊಡವೆಗೆ ಮನೆಯಲ್ಲಿ ಹೋಗಬಾರದು. ಅಪಘಾತದಲ್ಲಿ ಕಂಬವೇ ಬಾಗಿದ್ದರೂ ಅಷ್ಟೆ. ಎಲ್ಲಿ ಕೈ ಹಾಕಬೇಕು, ಎಲ್ಲಿ ಕೈ ಕಟ್ಟಿಕೊಳ್ಳಬೇಕು ಎಂಬುದನ್ನು ಅರಿತವನೇ ಒಳ್ಳೆಯ ಕಸುಬುದಾರ.

ಸಂಜೆ ಬಿಸಿಲು ಇಳಿದ ಮೇಲೆ ಮಾಸ್ತರರು ಮೊಮ್ಮಗನನ್ನು ಕರೆದರು. ಅವನು ಅಜ್ಜಿಯ ಸೆರಗು ಬಿಡದೆ ದೂರದಿಂದಲೇ ಕಾರನ್ನು ನೋಡಿದ. ಅಜ್ಜ ಬಲವಂತ ಮಾಡಲಿಲ್ಲ. ತಾವೇ ಹಿಂದಿನ ಆಸನದಲ್ಲಿ ಕುಳಿತು, ಬಾಗಿಲು ಹಾಕಿ, ತೆರೆದು ತೋರಿಸಿದರು. ಆಮೇಲೆ ಹುಡುಗ ಬಂದು ಪಕ್ಕದಲ್ಲಿ ಕುಳಿತ. ಹಿಡಿಕೆ ಎಲ್ಲಿದೆ, ಹೇಗೆ ಎಳೆಯಬೇಕು. ಅದು ತೆರೆಯದಿದ್ದರೆ ಮುಂದಿನ ಆಸನಕ್ಕೆ ಹೇಗೆ ದಾಟಬೇಕು. ಅದೂ ಆಗದಿದ್ದರೆ ಕಾರಿನ ಹಾರನ್ನು ಹೇಗೆ ಬಿಡದೆ ಒತ್ತಬೇಕು—ಒಂದೊಂದನ್ನೂ ಶಾಲೆಯ ಪಾಠದಂತೆ ಹೇಳಿಕೊಟ್ಟರು. ದೊಡ್ಡವರಿಲ್ಲದೆ ಕಾರಿನ ಹತ್ತಿರ ಸುಳಿಯಕೂಡದೆಂಬುದು ಪಾಠದ ಕೊನೆಯ ಸಾಲು. ಇಳಿದ ಮೇಲೆ ನಾಲ್ಕೂ ಬಾಗಿಲುಗಳಿಗೆ ಕೀಲಿ ಹಾಕಿ, ಕೀಲಿಕೈಯನ್ನು ಮಕ್ಕಳಿಗೆ ನಿಲುಕದ ಮೊಳೆಗೆ ತೂಗುಹಾಕುವುದು ಮಾಸ್ತರರು ತಮಗೆ ತಾವೇ ಕಲಿಸಿಕೊಂಡ ಪಾಠ.

“ಅಜ್ಜಾ, ನಾ ತೆಗೀತೇನಿ,” ಎಂದ ಹುಡುಗ. ಎರಡೂ ಕೈಗಳಿಂದ ಹಿಡಿಕೆ ಎಳೆದ. ಬಾಗಿಲು ತೆರೆಯಿತು. ಮತ್ತೆ ಹಾಕಿದ, ಮತ್ತೆ ತೆರೆದ. ಹತ್ತು ಸಲವಾದರೂ ಆ ಆಟ ನಡೆಯಿತು.

ಅಡಿಗೆಮನೆಯಿಂದ ಹೊರಬಂದ ಅಜ್ಜಿ ಕೈಯೊರೆಸಿಕೊಳ್ಳುತ್ತ ಇದನ್ನೆಲ್ಲ ನೋಡಿದರು. ಆಮೇಲೆ ಏನೂ ಮಾತನಾಡದೆ ಕಾರಿನ ಬಳಿಗೆ ಬಂದು, ಗಂಡನನ್ನೂ ಮೊಮ್ಮಗನನ್ನೂ ಇಳಿಸಿ, ತಾವೇ ಹಿಂದಿನ ಆಸನದಲ್ಲಿ ಕುಳಿತು ಬಾಗಿಲು ಹಾಕಿಕೊಂಡರು. ಒಂದು ಗಳಿಗೆ ಒಳಗೆ ಸುಮ್ಮನೆ ಕುಳಿತರು. ಬಳಿಕ ಹಿಡಿಕೆ ಎಳೆದು, ಬಾಗಿಲು ತೆರೆದು, ಕೆಳಗಿಳಿದರು.

“ಆತು. ನಾಳೆ ಬನಶಂಕರಿ ಗುಡಿಗೆ ಹೋಗಿಬರೂಣು,” ಎಂದರು.